ಗುಂಡನನ್ನು ಎದುರು ಗೋಡೆಗೆ ಸರಿಸಿದ್ದು

"ಬಂದವ್ರ ಮುಂದೆ ನನ್ನನ್ನ ಒಂದು ಮೀನಿಗೆ ಹೋಲಿಸ್ತೀಯೇನೇ? ನಾಲ್ಗೆ ಮೇಲೆ ಹಿಡಿತ ಇಲ್ವಾ ನಿಂಗೆ?"

"ಹೋಲಿಸ್ಲಿಲ್ಲ ಕಣ್ರೀ, ಇರೋದು ಹೇಳ್ದೆ. ನಾನು ಹತ್ರ ಹೋದ್ರೆ ಗುಂಡ ಎದ್ದು ಬರ್ತಾನೆ. ನೀವು ತಟ್ಟೆ ಮುಂದಿಟ್ರೂ ಮೊಬೈಲಿಂದ ಮುಖ ಎತ್ತಲ್ಲ."

"ಆ ಶಿವಮೂರ್ತಿ ಹೆಂಗ್ ನಕ್ಕ ನೋಡ್ದಾ? ನಾಳೆ ಇಡೀ ಫ್ಯಾಕ್ಟರಿ ನಗ್ತದೆ."

"ನಗ್ಲಿ ಬುಡಿ. ನೀವೂ ಒಂದ್ಸಲ ನಕ್ಕಿದ್ರೆ ಅಲ್ಲಿಗೇ ಮುಗೀತಿತ್ತು."

ಕೋಮಲಾ ಎಂಜಲು ತಟ್ಟೆಗಳನ್ನು ಎತ್ತಿಕೊಂಡು ಒಳಗೆ ಹೋದಳು. ನಡುಮನೆಯಲ್ಲಿ ಉಳಿದವರು ರುದ್ರಯ್ಯ ಮತ್ತು ಮೀನು. ಕಿಟಕಿ ಪಕ್ಕದ ಆರಡಿ ಗಾಜಿನ ತೊಟ್ಟಿಯೊಳಗೆ ಗುಂಡ ನಿಂತಿತ್ತು. ಅಂಗೈಗಿಂತ ದೊಡ್ಡ ಆಸ್ಕರ್ ಮೀನು, ಕಪ್ಪು ಮೈ, ಅದರ ಮೇಲೆ ಕೆಂಡದ ಬಣ್ಣದ ಗೀರುಗಳು. ಅದು ಅವನನ್ನೇ ನೋಡುತ್ತ ಬಾಯಿ ತೆರೆದು ಮುಚ್ಚಿತು.

ತುಮಕೂರಿನ ಸತ್ಯಮಂಗಲದ ಕಾರ್ಖಾನೆಯೊಂದರಲ್ಲಿ ರುದ್ರಯ್ಯ ಲೇತ್ ವಿಭಾಗದ ಸೂಪರ್‌ವೈಸರ್. ಶಿವಮೂರ್ತಿ ಅವನ ಕೈಕೆಳಗಿನವನು. ಮರುದಿನ ಕ್ಯಾಂಟೀನಿನಲ್ಲಿ ಶಿವಮೂರ್ತಿ ಬಲು ವಿನಯದಿಂದ ಕೇಳಿದ, "ಸಾರ್, ಗುಂಡ ತಿಂಡಿ ತಿಂದನಾ? ಎದ್ದು ಬಂದನಾ?" ನಾಲ್ಕು ಟೇಬಲ್ಲಿನವರು ಲೋಟದೊಳಗೆ ನಕ್ಕರು. ಎರಡು ವಾರ ಇದೇ ನಡೆಯಿತು. ಬೇರೆ ವಿಷಯವಾಗಿದ್ದರೆ ರುದ್ರಯ್ಯ ಸ್ಪ್ಯಾನರ್ ಎಸೆಯುತ್ತಿದ್ದ. ಆದರೆ ಮೀನಿನ ಮೇಲೆ ಸಿಟ್ಟಿದೆ ಎಂದು ಯಾರಿಗೆ ಹೇಳುವುದು? ಹಾಗೆ ಹೇಳಿಕೊಂಡರೆ ಸೋತಂತೆಯೇ.

ಸಿಟ್ಟು ತೀರಿಸಿಕೊಳ್ಳಲು ದಾರಿ ತೋರಿಸಿದವಳು ಕೋಮಲಾಳೇ. ಕಿಟಕಿಯ ಬಿಸಿಲಿಗೆ ತೊಟ್ಟಿಯಲ್ಲಿ ಪಾಚಿ ಕಟ್ಟುತ್ತಿತ್ತು. ಅದನ್ನು ಎದುರು ಗೋಡೆಗೆ ಸರಿಸಬೇಕು, ಭಾನುವಾರ ತಾನು ಗುಬ್ಬಿಯ ಅಕ್ಕನ ಗೃಹಪ್ರವೇಶಕ್ಕೆ ಹೋದಾಗ ಮಾಡಿಡಿ ಎಂದಳು. "ನೀವಾದ್ರೆ ಲೆವೆಲ್ ನೋಡಿ ನಿಲ್ಲಿಸ್ತೀರ. ಬೇರೆಯವ್ರ ಕೈಲಿ ಆಗೋ ಕೆಲ್ಸ ಅಲ್ಲ." ಆ ಮಾತು ಒಳಗೆಲ್ಲೋ ಚುಚ್ಚಿತು. ಅವನು ತಲೆ ಆಡಿಸಿದ.

ಅಳತೆಯ ಕೆಲಸ ಅವನಿಗೆ ಹೊಸದಲ್ಲ. ತೊಟ್ಟಿಯ ನೀರನ್ನು ಅರ್ಧ ಉಳಿಸಿಕೊಳ್ಳಬೇಕು, ಅರ್ಧ ಹೊಸದು ಹಾಕಬೇಕು. ಹೊಸ ನೀರಿನಲ್ಲಿ ಬ್ಲೀಚಿಂಗ್ ಇದ್ದರೆ ಮೀನಿಗೆ ಆಗುವುದಿಲ್ಲವೆಂದು ಕೋಮಲಾಳೇ ನೂರು ಸಲ ಹೇಳಿದ್ದಾಳೆ. ಹಾಗಾದರೆ ನೀರೇ ಕೊಲ್ಲಲಿ. ನೀರನ್ನು ಯಾರು ಬಂಧಿಸುತ್ತಾರೆ? ಮೀನಿನ ಹೆಣ ಕೊಯ್ದು ನೋಡುವವರು ಯಾರೂ ಇಲ್ಲ.

ಬ್ಲೀಚಿಂಗ್ ಪುಡಿಯನ್ನು ತುಮಕೂರಿನಲ್ಲಿ ಕೊಳ್ಳಲಿಲ್ಲ. ಸೋಮವಾರ ರಜೆ ಹಾಕಿ ಯಡಿಯೂರಿಗೆ ಹೋಗಿ, ದರ್ಶನ ಮುಗಿಸಿ, ಬರುವಾಗ ಕುಣಿಗಲ್ಲಿನಲ್ಲಿ ಇಳಿದ. ಅಂಗಡಿಯವನು ಏನೂ ಕೇಳಿರಲಿಲ್ಲ. ಆದರೂ ರುದ್ರಯ್ಯ "ನೀರಿನ ಸಂಪ್‌ಗೆ ಹಾಕೋಕೆ" ಎಂದ. ಹಣೆಯಲ್ಲಿ ವಿಭೂತಿ ಇರುವುದು ಬಸ್ಸಿನಲ್ಲಿ ಕೂತ ಮೇಲೆ ನೆನಪಾಗಿ, ಕರವಸ್ತ್ರದಿಂದ ಒರೆಸಿಕೊಂಡ.

ಭಾನುವಾರ ಬೆಳಿಗ್ಗೆ ಕೋಮಲಾ ಹೊರಟ ಮೇಲೆ ಅವನು ಶಿವಮೂರ್ತಿಯನ್ನೇ ಕರೆಸಿದ. ಇದು ಯೋಜನೆಯಲ್ಲೇ ಅತಿ ಜಾಣ ಭಾಗ ಎಂದು ಅವನಿಗೆ ಹೆಮ್ಮೆಯಿತ್ತು. ಖಾಲಿ ತೊಟ್ಟಿ ಎತ್ತಲು ಇನ್ನೊಬ್ಬ ಬೇಕೇ ಬೇಕು, ಜೊತೆಗೆ ಎಲ್ಲವೂ ಸರಿಯಾಗಿ ನಡೆಯಿತೆನ್ನಲು ಸಾಕ್ಷಿಯೂ ಆಗುತ್ತದೆ. ಪೈಪಿನಿಂದ ನೀರನ್ನು ಟಬ್ಬುಗಳಿಗೆ ಇಳಿಸಿದರು. ಗುಂಡನ ಜೊತೆಗಿದ್ದ ಏಳು ಚಿಕ್ಕ ಮೀನುಗಳು ಒಂದು ಬಕೆಟ್ಟಿಗೆ ಹೋದವು. ಗುಂಡನನ್ನು ರುದ್ರಯ್ಯ ಒದ್ದೆ ಟವೆಲಿನಲ್ಲಿ ಎರಡೂ ಕೈಯಿಂದ ಎತ್ತಿ ಒಂದು ಟಬ್ಬಿಗೆ ಬಿಟ್ಟ. ಅದು ಒದ್ದಾಡಲಿಲ್ಲ.

"ಮಗೂನ ಎತ್ತಿದಂಗೆ ಎತ್ತಿದ್ರಲ್ಲ ಸಾರ್," ಎಂದ ಶಿವಮೂರ್ತಿ. ಈ ಸಲ ಅವನು ನಗಲಿಲ್ಲ. "ಮೇಡಂ ನೋಡ್ಬೇಕಿತ್ತು."

ರುದ್ರಯ್ಯ ಸ್ಟ್ಯಾಂಡಿನ ಕೆಳಗೆ ರಬ್ಬರ್ ತುಂಡು ತುರುಕಿ ಲೆವೆಲ್ ನೋಡಿದ. ಲೆವೆಲ್ ಪಟ್ಟಿಯ ಗುಳ್ಳೆ ನಟ್ಟನಡುವೆ ನಿಂತಿತು. ಕಲ್ಲು, ಮರದ ಬೇರು ಎಲ್ಲ ಜೋಡಿಸಿ ಕಾಫಿ ಕೊಟ್ಟು ಶಿವಮೂರ್ತಿಯನ್ನು ಕಳಿಸಿದ.

ಆಮೇಲಿನದ್ದು ಅವನೊಬ್ಬನ ಕೆಲಸ. ಮೊದಲು ಹಳೆಯ ನೀರನ್ನು ತುಂಬಿದ. ಮೇಲೆ ಹಿತ್ತಲ ಡ್ರಮ್ಮಿನ ನೀರನ್ನು ಕಡೆಯ ಚೊಂಬಿನವರೆಗೂ ಹೊತ್ತು ಸುರಿದ. ಒಂದು ಬಕೆಟ್ ಮಾತ್ರ ಬೇರೆಯಾಗಿತ್ತು. ಪುಡಿ ಕದಡಿ, ಗಸಿ ಕೆಳಗೆ ಕೂರುವವರೆಗೆ ಕಾದು, ತಿಳಿಯನ್ನಷ್ಟೇ ಬಗ್ಗಿಸಿದ. ಚಿಕ್ಕ ಮೀನುಗಳ ಮೇಲೆ ಅವನಿಗೆ ಹಗೆಯಿಲ್ಲ. ಅವು ಬಕೆಟ್ಟಿನಲ್ಲೇ ಇರಲಿ ಎಂದು ಬಿಟ್ಟ. ಆ ನ್ಯಾಯಕ್ಕೆ ತನ್ನನ್ನು ತಾನೇ ಮೆಚ್ಚಿಕೊಂಡ.

ಗುಂಡ ನೀರಿಗಿಳಿದದ್ದೇ ಹೊಸ ಜಾಗ ನೋಡಿತು. ಮರದ ಬೇರನ್ನು ಮೂತಿಯಿಂದ ತಳ್ಳಿತು. ಸ್ವಲ್ಪ ಹೊತ್ತಿಗೆ ಕಿವಿರು ಬೇಗಬೇಗ ಬಡಿಯತೊಡಗಿತು. ಓಡಾಡಿತು, ಗಾಜಿಗೆ ಮೈ ಉಜ್ಜಿತು. ಕೊನೆಗೆ ರುದ್ರಯ್ಯ ನಿಂತಿದ್ದ ಮೂಲೆಗೆ ಬಂದು ಮೇಲೆದ್ದು ಬಾಯಿ ತೆರೆಯಿತು, ಕೋಮಲಾಳ ಕೈಗೆ ಬರುತ್ತಿದ್ದಂತೆಯೇ. ಅವನ ಹತ್ತಿರ ಅದು ಹಾಗೆ ಬಂದದ್ದು ಅದೇ ಮೊದಲು. ಮೀನೆತ್ತುವ ಬಲೆ ಮೊಳೆಗೆ ನೇತುಬಿದ್ದಿತ್ತು, ಕೈ ಚಾಚಿದರೆ ಸಿಗುತ್ತಿತ್ತು. ಅವನು ಅಡುಗೆಮನೆಗೆ ಹೋಗಿ ಒಂದು ಲೋಟ ನೀರು ಕುಡಿದು, ಇನ್ನೊಂದು ಕುಡಿದು, ಬೇಕೆಂದೇ ತಡಮಾಡಿ ಬಂದ. ಅಷ್ಟರಲ್ಲಿ ಅದು ಪಕ್ಕಕ್ಕೆ ವಾಲಿತ್ತು.

ಗೆದ್ದ ಸಂತೋಷಕ್ಕೆ ಕಾದು ಕುಳಿತ. ಅದು ಬರಲಿಲ್ಲ. ಐವತ್ತರ ಹತ್ತಿರದ ಗಂಡಸು, ಒಂದು ಮೀನಿನ ಜೊತೆ ಜಗಳಕ್ಕೆ ಬಿದ್ದು ಅದನ್ನು ಕೊಂದ. ಬೇರೆಯವರ ವಿಷಯವಾಗಿದ್ದರೆ ಅವನೇ ಕ್ಯಾಂಟೀನಿನಲ್ಲಿ ಹೇಳಿ ನಗಿಸುತ್ತಿದ್ದ. ಕೈ ಮೂರು ಸಲ ಸೋಪು ಹಾಕಿ ತೊಳೆದ.

ನಾಲ್ಕು ಗಂಟೆಗೆ ಕೋಮಲಾ ಬ್ಯಾಗ್ ಹೆಗಲಿಗೇರಿಸಿಕೊಂಡೇ ಒಳಗೆ ಬಂದಳು. "ಪಂಕ್ತೀಲಿ ಕೇಳಿ ನಿಮ್ಗೆ ಅಂತ ನಾಲ್ಕು ಒಬ್ಬಟ್ಟು ಇಸ್ಕೊಂಡು ಬಂದಿದೀನಿ..." ಎನ್ನುತ್ತ ಎದುರು ಗೋಡೆಯ ಕಡೆ ತಿರುಗಿದಳು. ತೊಟ್ಟಿಯಲ್ಲಿ ಗುಂಡ ಮಗ್ಗುಲಾಗಿ ತೇಲುತ್ತಿತ್ತು.

ರುದ್ರಯ್ಯ ಹತ್ತಾರು ಸಲ ಮನಸ್ಸಿನಲ್ಲಿ ಹೇಳಿಕೊಂಡಿದ್ದನ್ನು ಹೇಳಿದ. "ನಲ್ಲಿ ನೀರಿಗೆ ಬ್ಲೀಚಿಂಗ್ ಸುರಿದವ್ರೆ ಕಣೇ. ಹಿತ್ಲ ಡ್ರಮ್ಮಿಂದೇ ಹಾಕಿದ್ದು. ಬೇಕಾದ್ರೆ ಮೂಸಿ ನೋಡು. ನಂಗೆ ಹೆಂಗ್ ಗೊತ್ತಾಗ್ಬೇಕು?" ದನಿ ಎಲ್ಲೂ ನಡುಗಲಿಲ್ಲ.

ಕೋಮಲಾ ತೊಟ್ಟಿಗೆ ಬೆರಳದ್ದಿ ಮೂಸಿದಳು. ಅಳಲಿಲ್ಲ. ಅವನ ಮುಖವನ್ನು ನೋಡಿದಳು. "ನಲ್ಲೀಲಿ ನೀರು ಬಂದು ಹನ್ನೊಂದು ದಿನ ಆಯ್ತು ಕಣ್ರೀ," ಎಂದಳು ಮೆಲ್ಲಗೆ. "ರಸ್ತೆ ಅಗೆಯೋವಾಗ ಪೈಪ್ ಒಡೆದೋಗಿದೆ. ಆ ಡ್ರಮ್ಮಿಗೆ ದಿನಾ ಹಿಂದಿನ ಬೀದಿ ಮಂಜುಳಮ್ಮನೋರ ಬೋರಿಂದ ನಾನೇ ಕೊಡ ಹೊತ್ತು ತುಂಬಿದ್ದು. ಅದ್ರಲ್ಲಿ ಬ್ಲೀಚಿಂಗ್ ಎಲ್ಲಿಂದ ಬರ್ತದೆ?" ಹನ್ನೊಂದು ದಿನವೂ ರುದ್ರಯ್ಯ ಆ ನೀರಲ್ಲೇ ಸ್ನಾನ ಮಾಡಿ ಕೆಲಸಕ್ಕೆ ಹೋಗಿದ್ದ. ಎಲ್ಲಿಯ ನೀರೆಂದು ಒಂದು ದಿನವೂ ಕೇಳಿರಲಿಲ್ಲ. ಬಾಯಿ ತೆರೆದ, ಮುಚ್ಚಿದ. ಕೋಮಲಾ ಒಬ್ಬಟ್ಟಿನ ಡಬ್ಬಿಯನ್ನು ಮೇಜಿನ ಮೇಲಿಟ್ಟಳು. ಏಳು ಚಿಕ್ಕ ಮೀನುಗಳಿದ್ದ ಬಕೆಟ್ಟನ್ನು ಎತ್ತಿಕೊಂಡು, ಹೆಗಲ ಬ್ಯಾಗನ್ನು ಇಳಿಸದೆಯೇ, ನೀರು ತುಳುಕದಂತೆ ಮೆಟ್ಟಿಲಿಳಿದು ಹೋದಳು. ಅವಳೂ ಹಿಂದಿರುಗಲಿಲ್ಲ, ಆ ಬಕೆಟ್ಟೂ ಬರಲಿಲ್ಲ.