ಸೋಲೋ ಅಲ್ಲ, ಗೆಲ್ಲೋ

"ನನ್ನ ಮೊರ ಕೊಡ್ರೇ! ಅಕ್ಕಿ ಕೇರ್ಬೇಕು!"

"ಅಜ್ಜಿ, ಅದೀಗ ಮೊರ ಅಲ್ಲ, ರೆಕ್ಕೆ," ಎಂದಳು ಇಂಪನಾ.

ಜನ್ನಾಪುರದ ಆ ಪುಟ್ಟ ಅಡುಗೆಮನೆಯಲ್ಲಿ ವಿಮಾನವೊಂದು ಸಿದ್ಧವಾಗಿ ನಿಂತಿತ್ತು. ಪ್ಲಾಸ್ಟಿಕ್ ಕುರ್ಚಿಯೇ ಪೈಲಟ್ ಸೀಟು. ಎರಡು ಪಕ್ಕಕ್ಕೂ ಸ್ಟೂಲಿನ ಮೇಲೆ ಚಿನ್ನಮ್ಮಜ್ಜಿಯ ಎರಡು ಮೊರ. ಗ್ಯಾಸ್ ಸಿಲಿಂಡರೇ ಪೆಟ್ರೋಲ್ ಟ್ಯಾಂಕು.

ಇಂಪನಾಳ ಅಕ್ಕ ಹೇಮಶ್ರೀ ವಿಮಾನ ಹಾರಿಸುವುದನ್ನು ಕಲಿಯುತ್ತಿದ್ದಾಳೆ. ಹತ್ತು ದಿನದ ರಜೆಗೆ ಮನೆಗೆ ಬಂದವಳು ಬ್ಯಾಗು ಇಳಿಸಿದ್ದೇ ತಡ, ಅಡುಗೆಮನೆಗೆ ನುಗ್ಗಿದ್ದಳು. ಹಾರುವ ಮೊದಲು ಪೈಲಟ್ ವಿಮಾನವನ್ನು ಒಂದು ಸುತ್ತು ಹಾಕಿ ಹದಿನೈದು ಸಂಗತಿ ಪರೀಕ್ಷಿಸಬೇಕು. ಆ ಪಟ್ಟಿ ಇಂಗ್ಲಿಷಿನಲ್ಲಿದೆ. ಓದುವವಳು ಇಂಪನಾ, ಮುಟ್ಟಿ ನೋಡಿ 'ಚೆಕ್' ಎನ್ನುವವಳು ಅಕ್ಕ.

ಇಂಪನಾ ಎಂದರೆ ಸುಮ್ಮನೆಯೇ? ಐದನೇ ಕ್ಲಾಸಿನ ಇಂಗ್ಲಿಷ್ ರೀಡಿಂಗಿನಲ್ಲಿ ಫಸ್ಟ್ ಪ್ರೈಜ್ ಅವಳದೇ. ಬಹುಮಾನದ ಆ ಕಪ್ ಶೋಕೇಸಿನಲ್ಲಿ, ಅಡುಗೆಮನೆಯಿಂದಲೂ ಕಾಣುವ ಹಾಗೆ ಇದೆ. ಹಾಗೆ ಇಟ್ಟವಳೂ ಅವಳೇ.

"ಟಯರ್?"

"ಚೆಕ್. ಅಜ್ಜೀ, ರಜೆ ಮುಗಿದ ಮಾರನೇ ದಿನಾನೇ ನನ್ನ ಸೋಲೋ!"

ಅಜ್ಜಿಯ ಕೈಯಿಂದ ಸೌಟು ಜಾರಿತು. "ಬಿಡ್ತು ಅನ್ನು! ಇಷ್ಟೆಲ್ಲ ಓದಿ ಸೋಲೋಕೆ ಹೋಗ್ತೀಯೇನೇ?"

"ಸೋಲೋದಲ್ಲ ಅಜ್ಜಿ, ಸೋಲೋ! ಅಂದ್ರೆ ಪಕ್ಕದಲ್ಲಿ ಸರ್ ಇರಲ್ಲ. ನಾನೊಬ್ಬಳೇ ಹಾರಿಸ್ಬೇಕು."

"ಒಬ್ಬಳೇನಾ? ಅದಿನ್ನೂ ಚೆನ್ನಾಗಿದೆ! ನೋಡ್ರೇ, ಈ ಮನೇಲಿ ಆ ಮಾತು ಆಡ್ಬೇಡಿ. ಗೆಲ್ಲೋ ಅನ್ನಿ."

ಅಜ್ಜಿಯ ಮಾತು ಮೀರುವವರು ಯಾರು? ಅಂದಿನಿಂದ ಅದು ಗೆಲ್ಲೋ ಆಯಿತು. ಅಪ್ಪ ಯೋಗರಾಜ್ ಕೂಡ ಫ್ಯಾಕ್ಟರಿಯಿಂದ ಬಂದು ಶೂ ಬಿಚ್ಚುತ್ತಾ, "ಗೆಲ್ಲೋ ಎಲ್ಲಿಗೆ ಬಂತು?" ಎಂದೇ ಕೇಳತೊಡಗಿದರು.

ಆದರೆ ಆ ಮೊದಲ ದಿನವೇ ಒಂದು ಎಡವಟ್ಟಾಗಿತ್ತು. ಪಟ್ಟಿಯ ಒಂಬತ್ತನೇ ಸಾಲಿನಲ್ಲಿ ಒಂದು ವಿಚಿತ್ರ ಪದವಿತ್ತು. ಪಿ, ಐ, ಟಿ, ಓ, ಟಿ. ಪಕ್ಕದಲ್ಲಿ 'ಕವರ್' ಎಂದಿತ್ತು. ಕವರ್ ಏನೋ ಸರಿ, ಅದರ ಹಿಂದಿನದು ಪಿಟಾಟೋ, ಪೈಟಾಟೋ? ಇಂಪನಾಳ ನಾಲಿಗೆ ತಡವರಿಸಿತು. ಕೇಳೋಣ ಎಂದುಕೊಂಡಳು. ಅಷ್ಟರಲ್ಲಿ ಶೋಕೇಸಿನಲ್ಲಿದ್ದ ಕಪ್ ಕಣ್ಣಿಗೆ ಬಿತ್ತು. ಮೆಲ್ಲಗೆ ಎಂಟರಿಂದ ಹತ್ತಕ್ಕೆ ಹಾರಿದಳು. ಆ ಮನೆಯಲ್ಲಿ ಮೊದಲು ಹಾರಿದವಳು ಅವಳೇ!

ಅಕ್ಕನಿಗೆ ಗೊತ್ತಾಗಲಿಲ್ಲ. ಮಾರನೆಯ ದಿನವೂ ಇಂಪನಾ ಹಾರಿದಳು. ಆಮೇಲೆ ಅದೇ ರೂಢಿಯಾಯಿತು.

ರಜೆ ಮುಗಿದ ಭಾನುವಾರ ಸಂಜೆ ಅಪ್ಪ, ಹೇಮಶ್ರೀ, ಇಂಪನಾ ಮೂವರೂ ಶಿವಮೊಗ್ಗದ ಬಸ್ ಹತ್ತಿದರು. ಹೇಮಶ್ರೀ ಅಲ್ಲಿಂದ ರಾತ್ರಿ ಬಸ್ ಹಿಡಿದು ದೂರದ ಫ್ಲೈಯಿಂಗ್ ಸ್ಕೂಲಿಗೆ ಹೋಗಬೇಕಿತ್ತು. ಅಪ್ಪ ಮುಂದೆ ಲಗೇಜಿನ ಹತ್ತಿರ ನಿಂತರು. ಹೇಮಶ್ರೀ ಸೀಟಿನಲ್ಲಿ ಕಣ್ಣು ಮುಚ್ಚಿಕೊಂಡು ಕಿಟಕಿ, ಸರಳು, ಸೀಟು ಎಲ್ಲವನ್ನೂ ಮುಟ್ಟುತ್ತಾ "ಚೆಕ್, ಚೆಕ್" ಎನ್ನತೊಡಗಿದಳು.

"ಏನಮ್ಮಾ, ನಮ್ಮ ಬಸ್ಸನ್ನ ಹಾರಿಸ್ತೀಯೇನು?" ಎಂದರು ಕಂಡಕ್ಟರ್ ಕಲ್ಲಪ್ಪ.

"ಚೆಕ್ ಮಾಡ್ತಿದ್ದೀನಿ ಅಣ್ಣಾ."

"ಬೇಡ ಮಾರಾಯ್ತಿ! ಚೆಕ್ ಮಾಡಿದ್ರೆ ಇದು ರಸ್ತೆ ಮೇಲೂ ಓಡಲ್ಲ!"

ಮಾಚೇನಹಳ್ಳಿ ಹತ್ತಿರ ಬರುವಾಗ ಹೇಮಶ್ರೀ ಕಣ್ಣು ಬಿಟ್ಟಳು. ಮುಖ ಬಾಡಿತ್ತು.

"ಇಂಪೂ, ಹದಿನಾಲ್ಕೇ ಆಗ್ತಿದೆ ಕಣೇ. ಒಂದು ಎಲ್ಲೋ ಬಿಟ್ಟುಹೋಗಿದೆ. ಪಟ್ಟಿ ಎಲ್ಲಿ?"

ಪಟ್ಟಿ ಮನೆಯಲ್ಲಿ ಅಜ್ಜಿಯ ಮೊರದ ಕೆಳಗೆ ಉಳಿದಿತ್ತು.

"ಬೆಳಗ್ಗೆ ಇಳಿದ ತಕ್ಷಣ ಸರ್ ಬಾಯಲ್ಲೇ ಕೇಳ್ತಾರೆ. ಒಂದು ತಪ್ಪಿದ್ರೂ ವಿಮಾನ ಮುಟ್ಟೋಕೂ ಬಿಡಲ್ಲ," ಎಂದು ಹೇಮಶ್ರೀ ಉಗುರು ಕಚ್ಚಿದಳು.

ಆ ಒಂದು ಯಾವುದೆಂದು ಇಂಪನಾಳಿಗೆ ಗೊತ್ತಿತ್ತು. ಸುಮ್ಮನಿದ್ದರೆ ಯಾರಿಗೂ ತಿಳಿಯುವುದಿಲ್ಲ. ಆದರೆ ಅಕ್ಕನ ಗೆಲ್ಲೋ ಸೋಲಾಗಿಬಿಟ್ಟರೆ? ಹೇಳೋಣವೆಂದರೆ ಆ ಹಾಳು ಪದ ಈಗಲೂ ಬಾಯಿಗೆ ಬಾರದು!

"ಅಕ್ಕಾ... ಒಂಬತ್ತನೇದು... ಪಿ, ಐ, ಟಿ..."

"ಪೀಟೋ ಕವರ್!" ಹೇಮಶ್ರೀ ಕಿರುಚಿದಳು.

ಕಲ್ಲಪ್ಪ ಗಾಬರಿಯಲ್ಲಿ ಸೀಟಿ ಊದಿದರು. ಡ್ರೈವರ್ ಬ್ರೇಕ್ ಹಾಕಿದ. "ಯಾರ್ರೀ ಇಳಿಯೋರು? ಪೀಟೋ ಅನ್ನೋ ಸ್ಟಾಪೇ ಇಲ್ವಲ್ಲ!" ಎಂದರು ಕಲ್ಲಪ್ಪ. ಇಡೀ ಬಸ್ಸು ನಕ್ಕಿತು.

ಇಂಪನಾ ಮಾತ್ರ ನಗಲಿಲ್ಲ. "ಅದೇನಕ್ಕಾ ಪೀಟೋ?"

"ರೆಕ್ಕೆ ಕೆಳಗಿರೋ ಸಣ್ಣ ಕೊಳವೆ. ಅದಕ್ಕೆ ಗಾಳಿ ಹೊಕ್ಕರೇನೇ ಸ್ಪೀಡ್ ಗೊತ್ತಾಗೋದು. ಕವರ್ ತೆಗೀದೆ ಮೇಲೆ ಹೋದ್ರೆ ಎಷ್ಟು ಸ್ಪೀಡಲ್ಲಿದ್ದೀವಿ ಅಂತಾನೇ ತಿಳಿಯಲ್ಲ. ಅದ್ಹೇಗೆ ಮರೆತೆ ನಾನು?"

"ನೀನು ಮರೀಲಿಲ್ಲ." ಇಂಪನಾಳ ಕಣ್ಣು ತುಂಬಿತು. "ನಂಗೆ ಓದೋಕೆ ಬರ್ಲಿಲ್ಲ. ಅದಕ್ಕೇ ಹಾರಿಸ್ಬಿಟ್ಟೆ. ಹತ್ತು ದಿನಾನೂ."

ಹೇಮಶ್ರೀಗೆ ಸಿಟ್ಟು ನೆತ್ತಿಗೇರಿತು. "ಕೇಳೋಕೆ ಏನಾಗಿತ್ತು ನಿಂಗೆ?"

"ನಾಚಿಕೆ."

ಆ ಮಾತಿಗೆ ಹೇಮಶ್ರೀ ತಣ್ಣಗಾದಳು. ಆಮೇಲೆ ತಂಗಿಯ ಕಡೆ ಬಗ್ಗಿ ಪಿಸುಗುಟ್ಟಿದಳು. "ಯಾರಿಗೂ ಹೇಳ್ಬೇಡ. ಮೊದಲನೇ ದಿನ ನಾನು ಅದನ್ನ 'ಪೊಟ್ಯಾಟೊ ಕವರ್' ಅಂತ ಓದಿದ್ದೆ. ಇಡೀ ಕ್ಲಾಸು ಹೊಟ್ಟೆ ಹಿಡ್ಕೊಂಡು ನಕ್ಕಿತ್ತು."

"ಆಮೇಲೆ?"

"ಆಮೇಲೇನು, ಓದೋಕೆ ಬಂತು."

ಶಿವಮೊಗ್ಗ ಬರುವಷ್ಟರಲ್ಲಿ ಇಬ್ಬರೂ ಮೂರು ಸಲ ಹದಿನೈದನ್ನೂ ಹೇಳಿ ಮುಗಿಸಿದ್ದರು. ಒಂಬತ್ತನೆಯದನ್ನು ಇಂಪನಾಳೇ ಜೋರಾಗಿ ಹೇಳಿದಳು.

ಸೋಮವಾರ ಸಂಜೆ ಅಪ್ಪನ ಮೊಬೈಲಿನಲ್ಲಿ ಹೇಮಶ್ರೀ ಕಾಣಿಸಿಕೊಂಡಳು. ತಲೆಯಿಂದ ನೀರು ತೊಟ್ಟಿಕ್ಕುತ್ತಿತ್ತು.

"ಅಜ್ಜೀ, ಗೆಲ್ಲೋ ಆಯ್ತು! ಒಬ್ಬಳೇ ಹಾರಿಸಿ ಇಳಿಸಿದೆ! ಅದಕ್ಕೇ ಇವರೆಲ್ಲ ಸೇರಿ ಬಕೆಟ್‌ಗಟ್ಟಲೆ ನೀರು ಸುರಿದ್ರು. ಇಲ್ಲಿ ಹಾಗೇ ರೂಢಿ."

"ಗೆದ್ದು ಬಂದೋಳನ್ನ ಹೀಗಾ ನೆನೆಸೋದು? ಮೊದಲು ತಲೆ ಒರೆಸ್ಕೊಳ್ಳೇ, ಶೀತ ಆಗುತ್ತೆ!" ಅಜ್ಜಿ ಗದರಿದರು. ಸೆರಗಿನಿಂದ ತಮ್ಮ ಕಣ್ಣನ್ನೂ ಒರೆಸಿಕೊಂಡರು.

"ಅಕ್ಕಾ, ಸರ್ ಒಂಬತ್ತನೇದು ಕೇಳಿದ್ರಾ?"

"ಅದನ್ನೇ ಮೊದಲು ಕೇಳಿದ್ರು ಕಣೇ!"

ಫೋನ್ ಇಟ್ಟ ಮೇಲೆ ಇಂಪನಾ ಇಂಗ್ಲಿಷ್ ಪುಸ್ತಕ ತೆರೆದಳು. ನಾಲ್ಕನೇ ಪಾಠದಲ್ಲಿ ಅವಳು ಯಾವಾಗಲೂ ಸದ್ದಿಲ್ಲದೆ ದಾಟಿಬಿಡುತ್ತಿದ್ದ ಒಂದು ಪದವಿತ್ತು.

"ಅಪ್ಪಾ, ಇದನ್ನ ಹೇಗೆ ಓದೋದು?"

ಅಪ್ಪ ಪುಸ್ತಕವನ್ನು ಹತ್ತಿರ ಹಿಡಿದು ನೋಡಿದರು, ದೂರ ಹಿಡಿದು ನೋಡಿದರು. "ನಂಗೂ ಗೊತ್ತಿಲ್ಲ ಪುಟ್ಟಿ. ನಾಳೆ ಕ್ಲಾಸಲ್ಲಿ ಮಿಸ್ಸನ್ನ ಕೇಳ್ತೀಯಾ?"

ಕ್ಲಾಸಿನಲ್ಲಿ, ಎಲ್ಲರೆದುರು! ಹಿಂದಿನ ಬೆಂಚಿನವರು ಖಂಡಿತ ನಗುತ್ತಾರೆ. ಅಷ್ಟರಲ್ಲಿ ಪೊಟ್ಯಾಟೊ ಕವರ್ ನೆನಪಾಗಿ ಇಂಪನಾಳಿಗೇ ನಗು ಬಂತು.

"ಕೇಳ್ತೀನಿ," ಎಂದು ಆ ಪದದ ಕೆಳಗೆ ಪೆನ್ಸಿಲಿನಿಂದ ಗೆರೆ ಎಳೆದಳು.