ಉತ್ತರ ಬುರುಜಿನ ಬಾಗಿಲು

ಮಾರ್ಚ್ 30, ಭಾನುವಾರ ಮಧ್ಯಾಹ್ನ 3 ಗಂಟೆ 31 ನಿಮಿಷಕ್ಕೆ ಸ್ಕಾಟ್ಲೆಂಡಿನ ಫಾಲ್ಕರ್ಕ್ ಠಾಣೆಗೆ ಫೋನಿನಲ್ಲಿ ದೂರು ಬಂತು. ಮಾಡಿದವನು ಆರ್ಚಿ ಪ್ರಿಂಗಲ್. ಎಡಿನ್‌ಬರೋದಿಂದ ಪ್ರವಾಸಿಗರನ್ನು ಕರೆತರುವ ಮಿನಿಬಸ್ಸಿಗೆ ಡ್ರೈವರೂ ಅವನೇ, ಗೈಡೂ ಅವನೇ. ಟೀವಿ ಧಾರಾವಾಹಿಯೊಂದರ ಚಿತ್ರೀಕರಣ ನಡೆದ ಮೂರು ಹಳೆಯ ಕೋಟೆಗಳನ್ನು ಒಂದೇ ದಿನದಲ್ಲಿ ತೋರಿಸಿ ವಾಪಸು ಬಿಡುವುದು ಅವನ ಕಸುಬು. ಮೂರನೆಯ ಕೋಟೆ ಕಿನ್‌ಲಾರಿಯಲ್ಲಿ ತಲೆ ಎಣಿಸಿದಾಗ ಹದಿನಾರರಲ್ಲಿ ಒಂದು ಕಡಿಮೆಯಿತ್ತು. ಕಾಣೆಯಾದವಳು ಯೋಕೆ ಡೆಲ್ಡನ್, ಅರವತ್ತೇಳು ವರ್ಷ, ನೆದರ್‌ಲ್ಯಾಂಡ್ಸಿನ ನಿವೃತ್ತ ಶಿಕ್ಷಕಿ.

ದೂರು ಬರೆದುಕೊಳ್ಳುತ್ತಿದ್ದ ಕಾನ್‌ಸ್ಟೆಬಲ್ ಟೊರ್ಕಿಲ್ ಬೇನ್ ಗೋಡೆಯ ಗಡಿಯಾರ ನೋಡಿ 2.31 ಎಂದು ಬರೆದ. ತಕ್ಷಣ ನಾಲಿಗೆ ಕಚ್ಚಿಕೊಂಡು ಹೊಡೆದುಹಾಕಿದ. ಅಂದು ಬೆಳಗಿನ ಜಾವವೇ ದೇಶದ ಗಡಿಯಾರಗಳೆಲ್ಲ ಪ್ರತಿ ವರ್ಷದಂತೆ ಬೇಸಿಗೆಗೆಂದು ಒಂದು ಗಂಟೆ ಮುಂದೆ ಹೋಗಿದ್ದವು; ಇನ್ನು ಹಿಂದಕ್ಕೆ ಬರುವುದು ಅಕ್ಟೋಬರ್ ಕೊನೆಯ ಭಾನುವಾರ. ಠಾಣೆಯ ಗಡಿಯಾರಕ್ಕೆ ಯಾರೂ ಕೈ ಹಾಕಿರಲಿಲ್ಲ.

"ಒಂದು ಗಂಟೆ ನಿದ್ದೆ ನಾವು ಕಳಕೊಂಡ್ವಿ, ಈ ಗಡಿಯಾರಕ್ಕೆ ಮಾತ್ರ ಚಿಂತೆನೇ ಇಲ್ಲ ನೋಡಿ ಮೇಡಂ."

"ಅದಕ್ಕೆ ಸಂಬಳ ಇಲ್ಲ, ನಿಂಗಿದೆ. ನಡಿ," ಎಂದಳು ಇನ್ಸ್‌ಪೆಕ್ಟರ್ ಇಸೊಬೆಲ್ ರಟ್ರೇ.

ಕೋಟೆ ತಲುಪಿದಾಗ 4.05. ಜಿನುಗು ಮಳೆ. ನೆನೆದ ನೆರಿಗೆಯ ಕಿಲ್ಟು ಲಂಗದಲ್ಲಿ ಆರ್ಚಿ ಕಾರಿನ ಬಾಗಿಲ ಹತ್ತಿರಕ್ಕೇ ಓಡಿ ಬಂದ.

"ಎಷ್ಟು ಹೊತ್ತಿಗೆ ಬಂದ್ರಿ?"

"ಎರಡೂವರೆಗೆ ಮೇಡಂ. ಟಿಕೆಟ್ ಮೊದಲೇ ಆನ್‌ಲೈನಲ್ಲಿ ತಗೊಂಡಿರ್ತೀವಿ, ನೇರ ಒಳಗೆ. ಮೂರೂಕಾಲಿಗೆ ಎಣಿಸ್ದೆ. ಹದಿನೈದು. ಇನ್ನೊಂದ್ಸಲ ಎಣಿಸ್ದೆ. ಆರು ವರ್ಷದಲ್ಲಿ ಒಂದು ತಲೆ ಕಳಕೊಂಡೋನಲ್ಲ ನಾನು."

"ಕೊನೇಲಿ ಆಕೆನ ನೋಡಿದ್ದು ಎಲ್ಲಿ?"

ಉತ್ತರ ಕೊಟ್ಟವಳು ಯೋಕೆಯ ತಂಗಿ ಟ್ರೂಸ್. ಮಾತಿಗೆ ಬದಲು ಫೋನು ಚಾಚಿದಳು. ಅದರಲ್ಲೊಂದು ಫೋಟೋ, ಸಮಯ 2.46. ಚಾವಣಿಯಿಲ್ಲದ ಉತ್ತರ ಬುರುಜು, ಅದರ ಮೇಲಂತಸ್ತಿನ ಕಿಟಕಿ, ಕಿಟಕಿಯಲ್ಲಿ ಬೂದು ಮುಸುಕಿನ ಹೆಂಗಸು. ಮುಖ ಕಾಣುತ್ತಿರಲಿಲ್ಲ. ಆ ನಿಲುವಿನಲ್ಲಿ ನೋಡುವವರನ್ನು ಕಂಡ ಗುರುತೇ ಇರಲಿಲ್ಲ. ಆಕೆ ಅವರೆಲ್ಲರ ತಲೆಯ ಮೇಲಿಂದ ದೂರದ ದಾರಿಯ ಕಡೆ ನೋಡುತ್ತಾ ಯಾರಿಗೋ ಕಾಯುತ್ತಿದ್ದಳು.

"ನಾವೆಲ್ಲ ನೋಡಿದ್ವಿ," ಎಂದಳು ಟ್ರೂಸ್. "ಅಕ್ಕನಿಗೆ ಖುಷಿಯೋ ಖುಷಿ. ಹತ್ರ ಹೋಗಿ ಬರ್ತೀನಿ ಅಂತ ಹೋದಳು."

ಇಸೊಬೆಲ್ ಆರ್ಚಿಯ ಕಡೆ ತಿರುಗಿದಳು. "ಇದು ನಿಮ್ಮ ಏರ್ಪಾಡಾ?"

"ದೇವರಾಣೆ ಅಲ್ಲ! ಧಾರಾವಾಹಿಯಲ್ಲಿ ಐಲ್ಸಾ ಅಂತ ನಾಯಕಿ, ಆ ಕಿಟಕಿಯಿಂದ ಬಿದ್ದು ಸಾಯ್ತಾಳೆ. ಅದನ್ನ ಹೇಳ್ತೀನಿ. ಮಂಜಿನ ದಿನ ಅವಳು ಕಾಣಿಸ್ಕೋತಾಳೆ ಅಂತಾನೂ ಹೇಳ್ತೀನಿ. ಆಮೇಲೆ…" ಅವನು ತಡವರಿಸಿದ. "ಹಿಂದೆ ಇಲ್ಲಿ ನಿಜವಾಗ್ಲೂ ಒಬ್ಬಳು ಹುಡುಗಿ ಬಿದ್ದು ಸತ್ತಿದ್ಲಂತೆ. ಐಲ್ಸಾನೇ ಕರಕೊಂಡಳು ಅಂತ ಸೇರಿಸ್ತೀನಿ. ಜನಕ್ಕೆ ಮೈ ಜುಮ್ ಅನ್ಬೇಕಲ್ಲ ಮೇಡಂ."

"ಆ ಹುಡುಗಿ ಹೆಸರೇನು?"

"ಹೆಸರು… ಗೊತ್ತಿಲ್ಲ."

ಬುರುಜಿನ ಬುಡದಲ್ಲಿ ಒಂದು ಸಮಾಧಿಕಲ್ಲಿತ್ತು. ಚಿತ್ರೀಕರಣದವರು ಬಿಟ್ಟುಹೋದದ್ದು, ಪ್ಲಾಸ್ಟರಿನದು, ಒಂದು ಮೂಲೆ ಒಡೆದು ಒಳಗಿನ ಮರದ ಪಟ್ಟಿ ಕಾಣುತ್ತಿತ್ತು. ಮೇಲೆ ಐಲ್ಸಾಳ ಹೆಸರು. ಎದುರಿಗೆ ಹೂವಿನ ರಾಶಿ, ನಾನಾ ಭಾಷೆಯ ಚೀಟಿಗಳು. ಪಕ್ಕದಲ್ಲೇ ಬುರುಜಿನ ಬಾಗಿಲು, ಅದಕ್ಕೆ ದೊಡ್ಡ ಬೀಗ. ಬೀಗ ಹಾಕಿದ್ದರಿಂದಲೇ ಹುಡುಕಿದವರು ಯಾರೂ ಅಲ್ಲಿ ನೋಡಿರಲಿಲ್ಲ.

"ಬೀಗದ ಕೈ?"

ಟಿಕೆಟ್ ಕೋಣೆಯಿಂದ ಬಂದು ನಿಂತಿದ್ದ ಎಫಿ ಲಾಡರ್ ತಲೆಯಾಡಿಸಿದಳು. ಅರವತ್ತಾರರ ಈಕೆ ಆ ಕೋಟೆಯಲ್ಲಿ ಮೂವತ್ತು ವರ್ಷದಿಂದ ಟಿಕೆಟ್ ಹರಿಯುತ್ತಿದ್ದವಳು. "ಎಲ್ಲಿದೆಯೋ ಏನೋ ತಾಯಿ. ಅದನ್ನ ತೆಗೆದು ಇಪ್ಪತ್ತೆರಡು ವರ್ಷ ಆಯ್ತು."

4.12ಕ್ಕೆ ಟ್ರೂಸ್ ಮತ್ತೊಮ್ಮೆ ಅಕ್ಕನಿಗೆ ಫೋನ್ ಮಾಡಿದಳು. ಅಲ್ಲಿಯವರೆಗೆ ಎಲ್ಲರೂ ಕೂಗಿ ಹುಡುಕುತ್ತಿದ್ದರು; ಈಗ ಅಂಗಳ ಮೌನವಾಗಿತ್ತು. ದಪ್ಪ ಮರದ ಬಾಗಿಲಿನ ಹಿಂದೆ, ಇಪ್ಪತ್ತೆರಡು ವರ್ಷದಿಂದ ಯಾರೂ ಹೋಗಿಲ್ಲವೆಂದ ಕತ್ತಲಲ್ಲಿ, ಫೋನೊಂದು ಕುಣಿಯುವ ರಾಗದಲ್ಲಿ ಬಡಿದುಕೊಳ್ಳತೊಡಗಿತು.

ಬೇನ್ ಕಾರಿನಿಂದ ಕಬ್ಬಿಣದ ಸರಳು ತಂದು ಬೀಗ ಮೀಟಿದ. ಸುರುಳಿ ಮೆಟ್ಟಿಲಿನ ಬುಡದಲ್ಲಿ ಯೋಕೆ ಬಿದ್ದಿದ್ದಳು. ಕೂದಲಲ್ಲಿ ರಕ್ತ ಹೆಪ್ಪುಗಟ್ಟಿತ್ತು. ಉಸಿರಿತ್ತು. ಮುಷ್ಟಿಯಲ್ಲಿ ಹಳದಿ ಡ್ಯಾಫೊಡಿಲ್ ಹೂಗಳ ಬರೀ ದಂಟು. ಹೂಗಳು ಮೇಲಿನ ಮೆಟ್ಟಿಲುಗಳ ಮೇಲೆ ಚೆಲ್ಲಿದ್ದವು.

4.34ಕ್ಕೆ ಆಂಬ್ಯುಲೆನ್ಸ್ ಬಂತು. ನರ್ಸ್ ಬ್ಯಾಂಡೇಜು ಸುತ್ತುತ್ತಾ ಯಾರಿಗೆಂದಿಲ್ಲದೆ, "ಒಂದು ಗಂಟೆ ಮುಂಚೆ ಸಿಕ್ಕಿದ್ರೆ ಚೆನ್ನಾಗಿತ್ತು. ಈಗ ಏನೂ ಹೇಳಕ್ಕಾಗಲ್ಲ," ಎಂದಳು. ಆ ಮಾತಿಗೆ ಎಫಿ ನಿಂತಲ್ಲೇ ಕುಸಿದು ಒದ್ದೆ ಕಲ್ಲಿನ ಮೇಲೆ ಕೂತಳು. ಇಸೊಬೆಲ್ ಅದನ್ನು ಗಮನಿಸಿದಳು.

ಸ್ಥಳ ಮಹಜರು ನಡೆಯಿತು. ಬೇನ್ ಮುರಿದ ಬೀಗವನ್ನು ಮೂಗಿನ ಹತ್ತಿರ ಹಿಡಿದ.

"ಮೇಡಂ, ಇದಕ್ಕೆ ಎಣ್ಣೆ ಬಿಟ್ಟಿದಾರೆ. ನಮ್ಮನೆ ಬಾಗಿಲಿಗೂ ಇಷ್ಟು ಆರೈಕೆ ಇಲ್ಲ."

ಮೆಟ್ಟಿಲುಗಳ ಮೇಲೆ ಜೇಡರ ಬಲೆಯಿರಲಿಲ್ಲ. ಮೇಲಂತಸ್ತಿನಲ್ಲಿ ಗಟ್ಟಿಮುಟ್ಟಾದ ನೆಲವೆಂದರೆ ಕಿಟಕಿಯ ಮುಂದಿನ ಎರಡು ಗಜ ಮಾತ್ರ. ಕಿಟಕಿಯ ಕಲ್ಲಿನ ಮೇಲೆ ಜಾಮಿನ ಖಾಲಿ ಬಾಟಲಿ, ಅದರಲ್ಲಿ ಆವತ್ತೇ ಕಿತ್ತಿಟ್ಟ ಕಾಡುಹೂಗಳು. ಇಸೊಬೆಲ್ ಅಲ್ಲಿ ನಿಂತು ಹೊರಗೆ ನೋಡಿದಳು. ಬಸ್ಸಾಗಲಿ, ಐಲ್ಸಾಳ ಕಲ್ಲಾಗಲಿ ಅಲ್ಲಿಂದ ಕಾಣುತ್ತಿರಲಿಲ್ಲ. ಹಳ್ಳಿಯಿಂದ ಕೋಟೆಗೆ ಬರುವ ಕಾಲುದಾರಿ ಮಾತ್ರ ಕೊನೆಯವರೆಗೂ ಕಾಣುತ್ತಿತ್ತು. ಅವಳ ಕತ್ತಿನ ಹಿಂದೆ ಚಳಿ ಹರಿಯಿತು. ಗಾಳಿ ಇರಲಿಲ್ಲ.

ಟಿಕೆಟ್ ಕೋಣೆಯಲ್ಲಿ ಎಫಿ ಮೂವರಿಗೂ ಚಹಾ ಸುರಿದಳು. ಗೋಡೆಯ ಗಡಿಯಾರ 4.10 ತೋರಿಸುತ್ತಿತ್ತು. ಇಸೊಬೆಲ್‌ಳ ಕೈಗಡಿಯಾರದಲ್ಲಿ 5.10. ಇಲ್ಲೂ ಮರೆತಿದ್ದಾರೆ ಎಂದುಕೊಂಡಳು, ಅಷ್ಟೆ.

"ಎರಡೂ ನಲವತ್ತಾರಕ್ಕೆ ಎಲ್ಲಿದ್ರಿ?"

"ಇಲ್ಲೇ. ಈ ಕಿಟಕಿಯ ಹಿಂದೆ." ಎಫಿ ಟಿಕೆಟ್ ಯಂತ್ರದ ಪಕ್ಕದಿಂದ ರಶೀದಿಯ ಪ್ರತಿಯೊಂದನ್ನು ಮುಂದೆ ತಳ್ಳಿದಳು. ಇಬ್ಬರು ದೊಡ್ಡವರು, 30 ಮಾರ್ಚ್, 2.44. "ಪರ್ತ್ ಕಡೆಯ ಗಂಡಹೆಂಡತಿ. ಎರಡು ನಿಮಿಷದಲ್ಲಿ ಆ ಮೆಟ್ಟಿಲು ಹತ್ತೋ ವಯಸ್ಸಾ ಇದು? ನೀನೇ ಹೇಳು ಮಗಾ," ಎಂದು ಬೇನ್ ಕಡೆ ನೋಡಿದಳು.

ಆ ಮೆಟ್ಟಿಲು ಹತ್ತಿ ಇಳಿದು ಅವನ ಮೊಣಕಾಲೇ ನೋಯುತ್ತಿತ್ತು. ಗೂಟಕ್ಕೆ ನೇತುಹಾಕಿದ್ದ ಸಿಬ್ಬಂದಿಯ ಮಳೆಕೋಟು ತಲೆಮುಸುಕಿನದು, ಬೂದು ಬಣ್ಣದ್ದು, ತೋಳಿನಲ್ಲಿ ಸುಣ್ಣದ ಗೀರು. ಆದರೆ ಕೋಟೆಯ ಯಾವ ಗೋಡೆ ಸವರಿದರೂ ಸುಣ್ಣ ಹತ್ತುತ್ತದೆ. ರಶೀದಿ ಗಟ್ಟಿ ಸಾಕ್ಷಿ.

ಪರ್ತ್‌ನ ಗಂಡಹೆಂಡತಿ ಇನ್ನೂ ಹೋಗಿರಲಿಲ್ಲ. ಹೆಸರು ವಿಳಾಸ ಕೊಡಲು ಸಾಲಿನಲ್ಲಿ ನಿಂತಿದ್ದರು. ಗಂಡ ಸಿಡಿಮಿಡಿಗೊಂಡಿದ್ದ.

"ಬುರುಜಿನ ಕಿಟಕಿಯಲ್ಲಿ ಯಾರಾದ್ರೂ ಕಂಡ್ರಾ?" ಎಂದಳು ಇಸೊಬೆಲ್.

"ಎಲ್ಲಿ ಕಾಣೋದು? ದುಡ್ಡು ಕೊಟ್ಟು ಒಳಗೆ ಬಂದ್ರೆ ಆಗಲೇ ಎಲ್ಲ ಯೋಕೆ ಯೋಕೆ ಅಂತ ಕೂಗ್ತಾ ಓಡಾಡ್ತಿದ್ರು. ಕೋಟೆ ನೋಡಿದ್ದೇ ಇಲ್ಲ ನಾವು."

"ಬಂದಾಗ್ಲೇ ಕೂಗ್ತಿದ್ರಾ?"

"ಹೂಂ. ನಾನೇ ಇವಳಿಗೆ ಹೇಳ್ದೆ, ಇದೂ ಶೂಟಿಂಗ್ ಇರ್ಬೇಕು ಅಂತ."

ಕೂಗಾಟ ಶುರುವಾದದ್ದು ಮೂರೂಕಾಲರ ನಂತರ. ರಶೀದಿಯಲ್ಲಿದ್ದದ್ದು 2.44. ಇಸೊಬೆಲ್ ಜಿನುಗು ಮಳೆಯಲ್ಲೇ ನಿಂತು ಯೋಚಿಸಿದಳು. ಯಂತ್ರವೆಂದರೆ ಫೋನಿನಂತೆ ತಾನೇ ಸಮಯ ತಿದ್ದಿಕೊಳ್ಳುತ್ತದೆ ಎಂದು ಪರೀಕ್ಷಿಸದೆ ನಂಬಿದ್ದು ಅವಳ ತಪ್ಪು.

"ಟೊರ್ಕಿಲ್, ಒಳಗೆ ಹೋಗಿ ಒಂದು ರಶೀದಿ ಹರಿ."

ಅವನು ಹರಿದು ತಂದ. ಕೈಗಡಿಯಾರದಲ್ಲಿ 5.31. ಕಾಗದದ ಮೇಲೆ 4.31. ಹಾಗಾದರೆ ಆ ಟಿಕೆಟ್ ಮಾರಾಟವಾದದ್ದು ನಿಜಕ್ಕೂ 3.44ಕ್ಕೆ. ಅದಕ್ಕಿಂತ ಮೊದಲಿನ ಟಿಕೆಟ್ ಇದ್ದದ್ದು ದೇಶದ ಸಮಯದ ಎರಡೂಕಾಲಕ್ಕೆ. ಫೋಟೋ ತೆಗೆದ ಹೊತ್ತಿಗೆ ಟಿಕೆಟ್ ಕಿಟಕಿಯ ಹಿಂದೆ ಯಾರಾದರೂ ಇದ್ದರೆಂದು ಹೇಳುವ ಒಂದು ಚೂರು ಕಾಗದವೂ ಇರಲಿಲ್ಲ.

ರಶೀದಿ ಸುರುಳಿಯ ಹಳೆಯ ಪ್ರತಿಗಳು ರಟ್ಟಿನ ಪೆಟ್ಟಿಗೆಯಲ್ಲಿದ್ದವು. ಕಳೆದ ಜುಲೈನದನ್ನು ಇಸೊಬೆಲ್ ತೆಗೆದಳು. ಹತ್ತಕ್ಕೆ ತೆರೆಯುವ ಕೋಟೆಯ ಮೊದಲ ಟಿಕೆಟ್ ಪ್ರತಿದಿನವೂ ಒಂಬತ್ತು ಚಿಲ್ಲರೆ. ಹಿಂದಿನ ಜುಲೈನಲ್ಲೂ ಹಾಗೇ. ಇದು ಮರೆವಲ್ಲ.

"ಎಫಿಯವರೇ, ಈ ಗಡಿಯಾರನ ನೀವು ಬೇಸಿಗೆಗೆ ತಿರುಗಿಸೋದೇ ಇಲ್ಲ ಅಲ್ವಾ?"

ಎಫಿ ಚಹಾದ ಲೋಟ ಕೆಳಗಿಟ್ಟಳು.

"ಯಂತ್ರ ಬಂದಾಗ ಅದನ್ನೂ ಹಾಗೇ ಇಡಿಸ್ದೆ. ಯಾರೂ ಕೇಳ್ಲಿಲ್ಲ."

ಇಸೊಬೆಲ್ ಅವಳ ಹಕ್ಕುಗಳನ್ನು ಓದಿ ಹೇಳಿದಳು: ಸುಮ್ಮನಿರಬಹುದು, ವಕೀಲರನ್ನು ಕರೆಸಿಕೊಳ್ಳಬಹುದು. ಬೇನ್ ಪಕ್ಕಕ್ಕೆ ಬಂದು ನಿಂತ. ಸ್ಕಾಟ್ಲೆಂಡಿನ ಕಾನೂನಿಗೆ ಒಂದೇ ಬಾಯಿ, ಒಂದೇ ಕಿವಿ ಸಾಲದು. ತಪ್ಪೊಪ್ಪಿಗೆಗೂ ಇನ್ನೊಂದು ಆಸರೆ ಬೇಕು.

"ವಕೀಲರು ಯಾಕಮ್ಮ," ಎಂದಳು ಎಫಿ. "ರೋನಾ ಅಂತ ನನ್ನ ಮಗಳು. ಹತ್ತೊಂಬತ್ತು ವರ್ಷ. ಮಾರ್ಚ್ ಕೊನೇ ಭಾನುವಾರ, ಇವತ್ತಿನ ಹಾಗೇನೇ. ನಾನು ಮೊದಲು ಹೋಗಿ ಕೋಟೆ ಬಾಗಿಲು ತೆಗೆದಿರ್ತೀನಮ್ಮ, ನೀನು ಹತ್ತಕ್ಕೆ ಬಾ ಅಂದಿದ್ಲು. ನಾನು ಹತ್ತಕ್ಕೇ ಬಂದೆ. ನಮ್ಮನೆ ಗಡಿಯಾರದ ಹತ್ತಕ್ಕೆ. ಆಗ ಹನ್ನೊಂದಾಗಿತ್ತು. ನಾನು ಬರ್ಲಿಲ್ಲ ಅಂತ ದಾರಿ ನೋಡಕ್ಕೆ ಮೇಲಕ್ಕೆ ಹೋಗಿದಾಳೆ. ಹಲಗೆ ಮುರೀತು. ಡಾಕ್ಟರು ಅಂದ್ರು, ಒಂದು ಗಂಟೆ ಮುಂಚೆ ಸಿಕ್ಕಿದ್ರೆ ಅಂತ."

ಬೇನ್ ಬರೆದುಕೊಂಡ. ಗೋಡೆಯ ಗಡಿಯಾರ ಟಿಕ್ ಟಿಕ್ ಎನ್ನುತ್ತಿತ್ತು.

"ಬೇಸಿಗೆ ಪೂರ್ತಿ ನಾನು ಒಂದು ಗಂಟೆ ಹಿಂದೆ ಇರ್ತೀನಿ. ಆ ಗಂಟೆಯಲ್ಲಿ ಅವಳಿನ್ನೂ ಮೇಲೆ ನಿಂತು ನನ್ನ ದಾರಿ ನೋಡ್ತಿರ್ತಾಳೆ. ನಾನು ಸುಳ್ಳು ಹೇಳ್ಲಿಲ್ಲ. ನನ್ನ ಗಡಿಯಾರದ ಎರಡೂ ನಲವತ್ತಾರಕ್ಕೆ ನಾನು ಇಲ್ಲೇ ಇದ್ದೆ."

"ಆಕೆ ಮೇಲೆ ಬಂದಾಗ ಏನಾಯ್ತು?"

"ವರ್ಷಕ್ಕೊಂದ್ಸಲ ಹೋಗಿ ಹೂ ಇಡ್ತೀನಿ. ಅವಳ ಹೆಸರಿನ ಕಲ್ಲು ಹಾಕ್ಸಿ ಅಂತ ಆಫೀಸಿಗೆ ಬರೆದಿದ್ದೆ. ಪುರಾತನ ಗೋಡೆ, ಹೊಸ ಕಲ್ಲು ಹಾಕೋ ಹಾಗಿಲ್ಲ ಅಂದ್ರು. ಆ ಪ್ಲಾಸ್ಟರಿಂದು ಮಾತ್ರ ಜನಕ್ಕೆ ಇಷ್ಟ ಅಂತ ಬಿಟ್ರು. ಬಾಡಿದ ಹೂ ದಿನಾ ಗುಡಿಸೋಳು ನಾನೇ. ಇವತ್ತು ಆಕೆ ಏದುಸಿರು ಬಿಡ್ತಾ ಮೇಲೆ ಬಂದು, ಐಲ್ಸಾ ಅಂತ ನನ್ನ ಕೈಗೆ ಹೂ ಕೊಡಕ್ಕೆ ಬಂದ್ಲು. ಐಲ್ಸಾ ಅಲ್ಲ, ರೋನಾ ಅಂದೆ. ನಕ್ಕಳು. ನಾನು ತಳ್ಳಿದೆ."

"ಬಾಗಿಲು ಹಾಕಿದ್ದು?"

"ನಾನೇ."

"ಆಕೆಗೆ ಉಸಿರಿತ್ತು. ನರಳಿದ್ದು ನಿಮಗೆ ಕೇಳಿಸ್ಲಿಲ್ವಾ?"

ಎಫಿ ಇಸೊಬೆಲ್‌ಳ ಮುಖವನ್ನೇ ನೋಡಿದಳು. "ಪ್ರತಿ ವರ್ಷ ಆ ಮೆಟ್ಟಿಲಿಳಿಯುವಾಗ ನರಳೋದು ಕೇಳತ್ತೆ ಕಣಮ್ಮ. ಪ್ರತಿ ವರ್ಷ ಬಾಗಿಲು ಹಾಕಿ ಬರ್ತೀನಿ."

"ಆಮೇಲೆ ಅವರೆಲ್ಲ ಹುಡುಕಿದ್ರಲ್ಲ. ಆಗಲಾದ್ರೂ ಗೊತ್ತಾಗ್ಲಿಲ್ವಾ?"

"ಆಗ ಗೊತ್ತಾಯ್ತು," ಎಂದಳು. "ಆದ್ರೆ ಆಗ ಆ ಬಾಗಿಲಿಗೆ ಕೈ ಹಾಕೋ ಧೈರ್ಯ ಬರ್ಲಿಲ್ಲ."

ಬೀಗದ ಕೈ ಗಡಿಯಾರದ ಹಿಂದೆ ಮೊಳೆಗೆ ನೇತಾಡುತ್ತಿತ್ತು. ಅದನ್ನೂ ಗಡಿಯಾರ, ಮಳೆಕೋಟು, ರಶೀದಿ ಸುರುಳಿಗಳನ್ನೂ ವಶಕ್ಕೆ ತೆಗೆದುಕೊಂಡರು. ಬೇನ್ ಬಂಧನದ ಚೀಟಿ ಬರೆಯುತ್ತಾ ಪೆನ್ನು ತಡೆದ.

"ಯಾವ ಟೈಮ್ ಬರೀಲಿ ಮೇಡಂ?"

"ದೇಶದ್ದು," ಎಂದಳು ಇಸೊಬೆಲ್. "5.58."

ಎಫಿಯನ್ನು ಕಾರಿಗೆ ಕರೆದೊಯ್ಯುವಾಗ ಆರ್ಚಿ ಬಸ್ಸಿನ ಬಾಗಿಲಲ್ಲಿ ನಿಂತಿದ್ದ. ಆರು ವರ್ಷ ಅವಳ ಕೈಯ ಚಹಾ ಕುಡಿದಿದ್ದ. "ಎಫಿ," ಎಂದ. ಅವಳು ನಿಂತಳು.

"ರೋನಾ," ಎಂದಳು ಎಫಿ, ಅವನಿಗೆ ಕಲಿಸಿಕೊಡುವವಳಂತೆ. ಆಮೇಲೆ ಕಾರು ಹತ್ತಿದಳು.

ಯೋಕೆ ಡೆಲ್ಡನ್ ಬದುಕಿದಳು. ಒಂಬತ್ತನೆಯ ದಿನ ಕೊಟ್ಟ ಹೇಳಿಕೆಯಲ್ಲಿ ಅವಳು ಹೀಗೆ ಬರೆಸಿದ್ದಳು: 'ಅವಳು ಬೇರೊಂದು ಹೆಸರು ಹೇಳಿದಳು. ಅದೂ ನಾಟಕದ ಭಾಗವೆಂದುಕೊಂಡು ನಕ್ಕೆ. ಆ ಹೆಸರು ಈಗ ನೆನಪಾಗುತ್ತಿಲ್ಲ, ಕ್ಷಮಿಸಿ.' ಬಲಗಾಲು ಮಾತ್ರ ಮೊದಲಿನಂತಾಗಲಿಲ್ಲ. ಎಫಿ ಕೋರ್ಟಿನಲ್ಲಿ ಎರಡೂ ಆರೋಪಗಳನ್ನು ಒಪ್ಪಿಕೊಂಡಳು, ತಳ್ಳಿದ್ದನ್ನೂ, ಬಾಗಿಲು ಹಾಕಿದ್ದನ್ನೂ. ಆರ್ಚಿ ಈಗಲೂ ಬಸ್ ಓಡಿಸುತ್ತಾನೆ. ಕಿನ್‌ಲಾರಿಯಲ್ಲಿ ಇಳಿದ ಮೇಲೆ ಕತೆ ಹೇಳುವುದಿಲ್ಲ, ತಲೆ ಎಣಿಸುತ್ತಾನೆ ಅಷ್ಟೆ.

ಅಕ್ಟೋಬರ್ ಕೊನೆಯ ಭಾನುವಾರ ಬೆಳಿಗ್ಗೆ ಇಸೊಬೆಲ್ ಇನ್ನಾವುದೋ ಕೇಸಿನ ಚೀಲ ಇಡಲು ಠಾಣೆಯ ಸಾಕ್ಷ್ಯದ ಕೋಣೆಗೆ ಹೋದಳು. ಕಪಾಟಿನ ಮೇಲಿನ ಹಲಗೆಯಿಂದ ಟಿಕ್ ಟಿಕ್ ಕೇಳಿಸಿತು. ಪ್ಲಾಸ್ಟಿಕ್ ಚೀಲದೊಳಗೆ ಆ ಗಡಿಯಾರ ಇನ್ನೂ ನಡೆಯುತ್ತಿತ್ತು; ಬ್ಯಾಟರಿ ತೆಗೆಯಲು ಯಾರಿಗೂ ಹೊಳೆದಿರಲಿಲ್ಲ. ಅವಳು ತನ್ನ ಕೈಗಡಿಯಾರ ನೋಡಿಕೊಂಡಳು.

ಹತ್ತು ಗಂಟೆ. ಎರಡರಲ್ಲೂ.