ಬೇರಿಕೆ ಬಯಲಿನ ಡಬ್ಬಿ

ಹೊಸೂರಿನ ಹತ್ತಿರದ ಬೇರಿಕೆ ಊರಿನಾಚೆಯ ಬಯಲನ್ನು ಆರಿಸಿದವನು ನಾನೇ. ಫೋನಿನ ನಕ್ಷೆಯಲ್ಲಿ ಅದು ಖಾಲಿ ಜಾಗ. ಅಲ್ಲೊಂದು ಡಬ್ಬಿ ಬಚ್ಚಿಟ್ಟು, ಭಾನುವಾರ ನಮ್ಮ ಜಿಯೋಕ್ಯಾಶಿಂಗ್ ಗುಂಪನ್ನು ಹುಡುಕಲು ಬಿಟ್ಟೆ. ಡಬ್ಬಿ ಸಿಕ್ಕವರು ಒಳಗಿನದೊಂದು ತೆಗೆದುಕೊಂಡು ತಮ್ಮದೊಂದು ಇಡಬೇಕು, ಅದೇ ಆಟ.

ಸುಡುಬಿಸಿಲಲ್ಲೂ ಡಬ್ಬಿ ತಣ್ಣಗಿತ್ತು. ಅದನ್ನು ಮೊದಲು ಕಂಡ ಗುಂಪಿನ ಸರಿತಾ ತನ್ನ ಕೀಚೈನ್ ಇಟ್ಟು, ನಾನು ಹಾಕಿರದ ಒಂದು ಹಸಿರು ಗಾಜಿನ ಬಳೆ ಎತ್ತಿಕೊಂಡಳು.

ಕುರಿ ಮೇಯಿಸುತ್ತಿದ್ದ ಮಂಗಮ್ಮ ಎಂಬ ಅಜ್ಜಿ ಓಡಿಬಂದರು. “ಕೂಸುಗಳ್ನ ಮಣ್ಣು ಮಾಡೋ ಜಾಗ ಕಣಪ್ಪಾ ಇದು! ಊರಲ್ಲಿ ಒಂದ್ ಮಾತು ಕೇಳ್ಬಾರ್ದಿತ್ತಾ?”

ಕೇಳಿರಲಿಲ್ಲ. ನಕ್ಷೆ ಇರುವಾಗ ನಮಗೆ ಊರವರು ಯಾಕೆ?

ಸರಿತಾ ಬಳೆ ವಾಪಸ್ ಇಟ್ಟಳು. ಮುಚ್ಚಳ ಹಾಕಿದವನೂ ನಾನೇ. ಹೊಸೂರಿನಲ್ಲಿ ಬಸ್ ಇಳಿದಾಗ ಆ ಬಳೆ ಅವಳ ಮಣಿಕಟ್ಟಿನಲ್ಲಿತ್ತು.

ಗುಂಪಿನವರು ಆ ಜಾಗಕ್ಕೆ ಐದು ಸ್ಟಾರ್ ಕೊಟ್ಟಿದ್ದಾರೆ. ಬಳೆ ಇನ್ನೂ ಸರಿತಾಳ ಕೈಯಲ್ಲಿದೆ. ಎರಡು ವರ್ಷದ ಕೂಸಿನ ಅಳತೆಯದು. ಒಡೆಯದೆ ಅವಳ ಅಂಗೈ ದಾಟುವಂಥದ್ದೇ ಅಲ್ಲ.